ಖಂಡೆ ಪೂಜೆಗೆ ಇಟ್ಟ ಪಿಸ್ತೂಲು

ಹಾರೂಗೇರಿ
೩ ಅಕ್ಟೋಬರ್ ೨೦೨೫, ಶುಕ್ರವಾರ ಮಧ್ಯಾಹ್ನ

ಕೋಮಲಳ ಅಪ್ಪನವರಿಗೆ,

ಗಂಗಾ ಮಾಡುವ ನಮಸ್ಕಾರ. ಹೇಗಿದ್ದೀರಿ? ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಊಟಕ್ಕೆ ಮುಂಚೆ ನುಂಗುತ್ತಿದ್ದೀರೋ, ಇಲ್ಲಾ ಜೇಬಿನಲ್ಲಿಟ್ಟುಕೊಂಡು ತಿರುಗಾಡಿಸುತ್ತಿದ್ದೀರೋ? ಆ ಕಡೆ ಬೆಳಿಗ್ಗೆ ಎದ್ದರೆ ಎಣ್ಣೆಯಲ್ಲಿ ಕರಿದ ಪೂರಿ, ಮೇಲೆ ಜಿಲೇಬಿ ಎಂದು ಕೇಳಿದ್ದೇನೆ. ನೀವು ತಿನ್ನುವುದಿಲ್ಲ ಎಂದು ನನಗೇನೂ ನಂಬಿಕೆಯಿಲ್ಲ. ನಿಮ್ಮ ಠಾಣೆಯ ಭರಮು ಕೈಯಲ್ಲಿ ಒಣರೊಟ್ಟಿ, ನೆಂಚಿಕೊಳ್ಳಲು ಶೇಂಗಾ ಹಿಂಡಿ, ಅಗಸಿ ಹಿಂಡಿ ಕಟ್ಟಿಸಿ ಕಳಿಸಿದ್ದೇನೆ. ಜೊತೆಯವರಿಗೂ ಕೊಡಿ, ಆದರೆ ಎಲ್ಲವನ್ನೂ ಹಂಚಿ ಕರ್ಣನಾಗಬೇಡಿ. ಮೊಣಕಾಲು ನೋವಿಗೆ ಎಣ್ಣೆಯ ಶೀಶೆಯೂ ಅದರಲ್ಲೇ ಇದೆ. ಕೋಮಲ ಆರಾಮಿದ್ದಾಳೆ, ಗಣಿತ ಒಂದು ಬಿಟ್ಟು ಉಳಿದದ್ದನ್ನೆಲ್ಲ ಓದುತ್ತಿದ್ದಾಳೆ. ಅತ್ತೆಯವರ ವಿಷಯ ಮುಂದೆ ಬರೆಯುತ್ತೇನೆ.

ಫೋನಿರುವ ಕಾಲದಲ್ಲಿ ಇವಳೇನು ಕಾಗದ ಬರೆಯುತ್ತಾಳೆ ಎಂದು ನಗಬೇಡಿ. ತನಿಖೆಗೆಂದು ಉತ್ತರದ ಕಡೆ ಹೋದ ನಿಮ್ಮ ತಂಡದವರ ಫೋನೆಲ್ಲ ಗುಟ್ಟಿಗಾಗಿ ಬಂದ್ ಎಂದು ನನಗೆ ಗೊತ್ತು. ಠಾಣೆಯ ಮೂಲಕ ಹೇಳಿಸಬಹುದಿತ್ತು, ಆದರೆ ಈ ಮಾತು ಮೂರು ಕಿವಿ ದಾಟಿ ನಿಮ್ಮನ್ನು ಮುಟ್ಟುವಂಥದ್ದಲ್ಲ. ಇದರಲ್ಲಿ ಒಂದು ಹೆಸರಿದೆ. ಆ ಹೆಸರು ನನ್ನ ಬಾಯಿಂದ ಬಿದ್ದರೆ ಒಂದು ಜೀವ ಉಳಿಯಬಹುದು, ಆದರೆ ನಿಮ್ಮ ಇಡೀ ನೌಕರಿಯ ಪುಣ್ಯ ಮಣ್ಣುಪಾಲಾಗಬಹುದು. ಬೀಳದಿದ್ದರೆ ಇವತ್ತು ಸಂಜೆಯೊಳಗೆ ಏನಾಗುತ್ತದೋ ನನಗೆ ಗೊತ್ತಿಲ್ಲ. ಭರಮು ಕೋರ್ಟಿನ ಕಾಗದಗಳನ್ನು ತೆಗೆದುಕೊಂಡು ಸಂಜೆಯ ಹೊತ್ತಿಗೆ ಜೀಪಿನಲ್ಲಿ ನಿಮ್ಮ ಕಡೆ ಹೊರಡುತ್ತಾನೆ. ಅನ್ನದ ಅಗುಳು ಹಚ್ಚಿ ಲಕೋಟೆ ಅಂಟಿಸಿ ಅವನ ಕೈಗೆ ಕೊಡುತ್ತೇನೆ. ನನಗೆ ಭಯವಾಗಿದೆ ರೀ. ನಿಮ್ಮನ್ನು ಮದುವೆಯಾದಾಗಿನಿಂದ ಎಷ್ಟೋ ಭಯ ಕಂಡಿದ್ದೇನೆ, ಇಂಥದ್ದನ್ನು ಕಂಡಿಲ್ಲ.

ನಿಮಗೆ ನೆನಪಿದೆಯಲ್ಲ, ನಮ್ಮ ಮದುವೆಯ ಹೊಸತರಲ್ಲಿ ತೆಲಸಂಗದ ಆ ವರಾತ, ಮದುಮಗನ ಮೆರವಣಿಗೆ. ವರನ ಸೋದರಮಾವ ಖುಷಿಗೆಂದು ಆಕಾಶಕ್ಕೆ ಹಾರಿಸಿದ ಗುಂಡು, ಮಾಳಿಗೆಯ ಮೇಲೆ ನಿಂತು ಕುದುರೆ ನೋಡುತ್ತಿದ್ದ ಕೂಸಿಗೆ ತಗುಲಿತು. ಅದನ್ನು ಎತ್ತಿಕೊಂಡು ಜೀಪಿಗೆ ಓಡಿದವರು ನೀವು. ಮನೆಗೆ ಬಂದು ಅಂಗಿಯನ್ನು ನನಗೆ ಮುಟ್ಟಗೊಡದೆ ನೀವೇ ಒಗೆದಿರಿ. ಆಮೇಲೆ ನೀವು ಹಿಡಿದ ಹಾದಿಯೇ ಬೇರೆಯಾಯಿತು. ಉಳಿದವರು ಕಳ್ಳರನ್ನು ಹಿಡಿದು ಪೇಪರಿನಲ್ಲಿ ಫೋಟೋ ಹಾಕಿಸಿಕೊಂಡರು. ನೀವು ಮದುವೆ ಹಂಗಾಮು ಬಂತೆಂದರೆ ಲೈಸೆನ್ಸಿನ ಬಂದೂಕು ಇದ್ದವರ ಮನೆಮನೆಗೆ ಹೋಗಿ, ಲಗ್ನ ಮುಗಿಯುವ ತನಕ ಠಾಣೆಯಲ್ಲಿಡಿ ಎಂದು ಕೈಮುಗಿದಿರಿ. ಅಥಣಿಯಿಂದ ಕಾಗವಾಡದ ತನಕ ನಿಮಗೆ ಬಂದೂಕು ಬೇಡುವ ಸಾಹೇಬ ಎಂದೇ ಹೆಸರು ಬಿತ್ತು. ಬಡ್ತಿ ಬರಲಿಲ್ಲವೆಂದು ನಾನು ಮುಖ ಊದಿಸಿದಾಗಲೆಲ್ಲ ನೀವು ನಕ್ಕು ಅಂದದ್ದು ಒಂದೇ ಮಾತು: "ಹಾರದ ಗುಂಡಿಗೆ ಯಾರ ಪದಕ ಕೊಡ್ತಾರ ಗಂಗಾ?"

ಆಮೇಲೆ ಲೈಸೆನ್ಸಿಲ್ಲದವು ಬಂದವು ನೋಡಿ, ಉತ್ತರದ ಕಡೆಯಿಂದ ಲಾರಿಯಲ್ಲಿ, ಟ್ರ್ಯಾಕ್ಟರಿನ ಟೂಲ್ ಡಬ್ಬಿಯಲ್ಲಿ. ಅವು ಎಲ್ಲಿವೆ ಎಂದು ಗಂಡಸರು ಹೇಳುವುದಿಲ್ಲ, ಆದರೆ ಮನೆಯ ಹೆಂಗಸಿಗೆ ಗೊತ್ತಿಲ್ಲದ ಮೂಲೆ ಮನೆಯಲ್ಲಿರುವುದಿಲ್ಲ ಎಂದು ಕಂಡುಕೊಂಡವರು ನೀವೇ. ಹೆಸರು ಹೊರಗೆ ಬೀಳದು ಎಂದು ನೀವು ಮಾತು ಕೊಟ್ಟ ಮೇಲೆ, ಸಂತೆಗೆ ಬಂದ ಹೆಂಗಸರು ಅವನ್ನು ಸೆರಗಿನ ಉಡಿಯಲ್ಲಿ ಕಟ್ಟಿಕೊಂಡು ತಂದು ನನ್ನ ಅಡುಗೆಮನೆಯಲ್ಲಿ ಬಿಚ್ಚಿದರು. ನಾನು ಅದನ್ನು ತೆಗೆದುಕೊಂಡು, ಖಾಲಿಯಾದ ಉಡಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಕುಬಸದ ಖಣ ತುಂಬಿ ಕಳಿಸಿದೆ. ಯಾರ ಉಡಿ, ಯಾರ ಮನೆ ಎಂದು ನೀವು ಕಾಗದದ ಮೇಲೆ ಎಂದೂ ಬರೆಯಲಿಲ್ಲ, ಮೇಲಿನವರು ಎಷ್ಟು ಬೈದರೂ ಬಾಯಿ ಬಿಡಲಿಲ್ಲ. ಗಂಡ ಸತ್ತವಳಿಗೂ ಉಡಿ ತುಂಬುವುದೇ ಎಂದು ಅತ್ತೆ ಒಮ್ಮೆ ನನ್ನ ಮೇಲೆ ಹರಿಹಾಯ್ದರು. ಆಗ ನೀವು, "ಆಕಿ ಒಂದ ಮನಿ ದೀಪಾ ಉಳಿಸ್ಯಾಳಬೇ, ಆಕಿಗಿಂತಾ ಮುತ್ತೈದಿ ಯಾರ ಅದಾರ?" ಎಂದಿರಿ. ಯಾವ ದೀಪ, ಹೇಗೆ ಉಳಿಸಿದಳು ಎಂದು ಮಾತ್ರ ಹೇಳಲಿಲ್ಲ. ಅವರ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ಅವರಿಗೆ ಗೊತ್ತಾಗುವುದು ಬೇಡ ಎಂದು ನೀವು ನನ್ನ ಬಾಯಿಯನ್ನೂ ಕಟ್ಟಿದಿರಿ. ಅಲ್ಲೇ ನಾವು ತಪ್ಪಿದೆವು.

ಮೊನ್ನೆ ಸೋಮವಾರ ಪಾಲಬಾವಿಯಿಂದ ಸಾವಕ್ಕ ಬಂದಿದ್ದಳು. ಹೌದು, ನಮ್ಮ ಸಾವಕ್ಕನೇ, ಅತ್ತೆಯವರ ತವರಿನ ಅಣ್ಣನ ಹೆಂಡತಿ. ಅತ್ತೆಯೊಡನೆ ಪಡಸಾಲೆಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತವಳು, ನೀರು ಕುಡಿಯುವ ನೆವದಲ್ಲಿ ಒಳಗೆ ಬಂದು ಉಡಿ ಬಿಚ್ಚಿದಳು. ಕಪ್ಪು ಪಿಸ್ತೂಲು, ಹಿಡಿಕೆಗೆ ಹಸಿರು ಟೇಪು ಸುತ್ತಿತ್ತು. ಮಗ ಸಮಾಧಾನ ಕಬ್ಬಿನ ಟ್ರ್ಯಾಕ್ಟರ್ ಓಡಿಸುವ ಹುಡುಗರ ಜೊತೆ ಸೇರಿ ಎಲ್ಲಿಂದಲೋ ತಂದಿದ್ದಾನೆ. ಬದುವಿನ ಜಗಳದಲ್ಲಿ ಚಿಕ್ಕಪ್ಪನ ಮಗ ಭರತನನ್ನು ಹೊಡೆದೇ ತೀರುತ್ತೇನೆ ಎಂದು ಕೂತಿದ್ದಾನಂತೆ. ಸಮಾಧಾನ ಎಂದು ಹೆಸರಿಟ್ಟ ಪುಣ್ಯಾತ್ಮನಿಗೆ ಏನು ಹೇಳಬೇಕೋ! ಸಾವಕ್ಕ ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, "ಭರತನೂ ನನ್ನ ಮೊಲಿ ಕುಡದಾನ ಯವ್ವಾ. ಇಬ್ಬರೂ ಉಳೀಬೇಕು. ನನ್ನ ಹೆಸರ ಹೊರಗ ಬಿದ್ದರ ನಾ ಉಳ್ಯಾಂಗಿಲ್ಲ" ಎಂದಳು. ನಾನು ಕೋಮಲಳ ಆಣೆ ಮಾಡಿ ಹೇಳುವುದಿಲ್ಲ ಎಂದೆ. ಉಡಿ ತುಂಬಿ ಕಳಿಸಿದೆ.

ಅಂಥ ವಸ್ತು ಮನೆಯಲ್ಲಿ ಒಂದು ರಾತ್ರಿಯೂ ಇರಬಾರದು ಎನ್ನುವುದು ನಿಮ್ಮ ಕಟ್ಟಪ್ಪಣೆ. ಕೂಡಲೇ ಭರಮುಗೆ ಫೋನು ಮಾಡಿದೆ. ದಸರೆಯ ಬಂದೋಬಸ್ತು, ನಾಳೆ ಬರುತ್ತೇನೆ ಅಂದ. ಮರುದಿನವೂ ಬರಲಿಲ್ಲ. ಬಟ್ಟೆಯಲ್ಲಿ ಸುತ್ತಿ ಜೋಳದ ಡಬ್ಬಿಯ ತಳಕ್ಕೆ ಇಟ್ಟಿದ್ದೆ. ಅಷ್ಟರಲ್ಲಿ ಅಥಣಿಯಿಂದ ಫೋನು, ನಮ್ಮ ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಾಳೆ, ಆಪರೇಷನ್ ಎಂದು. ಬುಧವಾರ ನಸುಕಿನಲ್ಲೇ ಬಸ್ಸು ಹತ್ತಿದೆ. ಹಿಟ್ಟು ಬೀಸಿಸಿ ಇಟ್ಟಿದ್ದೆ, ಜೋಳದ ಡಬ್ಬಿಗೆ ಯಾರು ಕೈ ಹಾಕುತ್ತಾರೆ ಎಂದುಕೊಂಡೆ. ಬುಧವಾರ ಖಂಡೆ ಪೂಜೆ, ಮನೆಯ ಆಯುಧವೆಲ್ಲ ಮಣೆ ಏರುವ ದಿನ ಎನ್ನುವುದು ನನಗೆ ಗೊತ್ತಿಲ್ಲದ ಸಂಗತಿಯೇ? ಆದರೆ ಅಕ್ಕನ ಚಿಂತೆಯಲ್ಲಿ ತಲೆ ಓಡಲಿಲ್ಲ.

ಅತ್ತೆ ಪೂಜೆಗೆ ಅಣಿ ಮಾಡಿದ್ದಾರೆ. ಕುಡಗೋಲು, ಕೊಡಲಿ, ಈಳಿಗೆ, ನನ್ನ ಹೊಲಿಗೆಯ ಕತ್ತರಿ, ಕೋಮಲಳ ಕಂಪಾಸ್ ಡಬ್ಬಿ, ನಿಮ್ಮ ಹಳೆಯ ಲಾಠಿ ಎಲ್ಲ ತೊಳೆದು ಮಣೆಯ ಮೇಲೆ ಜೋಡಿಸಿದ್ದಾರೆ. ಮಣೆಯ ಮೇಲೆ ಹರಡಲು ಜೋಳ ಬೇಕಲ್ಲ, ಡಬ್ಬಿಗೆ ಕೈ ಹಾಕಿದ್ದಾರೆ. ಗಂಟು ಸಿಕ್ಕಿದೆ. ನೀವು ನಿಮ್ಮ ಸರಕಾರಿ ಪಿಸ್ತೂಲನ್ನು ಒಂದು ದಿನವೂ ಮನೆಗೆ ತಂದವರಲ್ಲ, ಅವರು ಅದನ್ನು ಕಂಡೇ ಇಲ್ಲ. ಪಾಪ, ಮಗ ಹಬ್ಬಕ್ಕೆ ಇಲ್ಲ, ಪೂಜೆಗೆಂದೇ ಅದನ್ನು ಬಿಟ್ಟು ಹೋಗಿದ್ದಾನೆ ಎಂದು ತಿಳಿದಿದ್ದಾರೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ವಿಭೂತಿ ಬಳಿದು, ಕುಂಕುಮ ಹಚ್ಚಿ, ಚೆಂಡು ಹೂವಿನ ಸರ ಹಾಕಿ, ಎಲ್ಲದರ ನಡುವೆ ಇಟ್ಟಿದ್ದಾರೆ. ಕೋಮಲಳ ಕೈಯಲ್ಲಿ ಅದರೆದುರು ಆರತಿ ಮಾಡಿಸಿದ್ದಾರೆ. "ನನ್ನ ಮಗನ ಕಾಯಪ್ಪಾ" ಎಂದು ಅದಕ್ಕೇ ಅಡ್ಡ ಬಿದ್ದಿದ್ದಾರೆ ರೀ.

ನಮ್ಮಲ್ಲಿ ಬನ್ನಿ ಕೊಡುವುದು ಮುಗಿಯುವ ತನಕ ಪೂಜೆ ಕದಲಿಸುವುದಿಲ್ಲವಲ್ಲ. ನಾನು ನಿನ್ನೆ ಹೊತ್ತು ಮುಳುಗುವಾಗ ಅಥಣಿಯಿಂದ ಬಂದೆ. ಪಡಸಾಲೆ ತುಂಬ ಮಂದಿ, ಬನ್ನಿ ತಗೊಂಡು ಬಂಗಾರದಾಂಗ ಇರೂನು ಎಂದು ಹಿರಿಯರ ಕಾಲಿಗೆ ಬೀಳುತ್ತಿದ್ದಾರೆ. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವಳಿಗೆ ಮೊದಲು ಕಂಡದ್ದು ಆ ಹಸಿರು ಟೇಪು. ಎರಡನೆಯದಾಗಿ ಕಂಡವನು ಸಮಾಧಾನ. ಪ್ರತಿ ವರ್ಷದಂತೆ ಸೋದರತ್ತೆಗೆ ಬನ್ನಿ ಕೊಡಲು ಪಾಲಬಾವಿಯಿಂದ ಬಂದಿದ್ದ, ಮಣೆಯ ಮುಂದೆ ಕೂತು ಅದನ್ನೇ ನೋಡುತ್ತಿದ್ದ. ಅವನು ಕೂಗಾಡಲಿಲ್ಲ. ಒಂದು ಬನ್ನಿ ಎಲೆ ತೆಗೆದು ಪಿಸ್ತೂಲಿನ ಮೇಲಿಟ್ಟು, "ಅಣ್ಣನ ಪಿಸ್ತೂಲ ಭಾರಿ ಐತಿ ಅತ್ತಿ" ಎಂದ. ಅತ್ತೆ ಹಿಗ್ಗಿ, "ಸರಕಾರ ಕೊಟ್ಟದ್ದಪಾ" ಎಂದರು. ಅಲ್ಲಿಗಾದರೂ ನಿಲ್ಲಿಸಬಾರದೇ! "ನಿಮ್ಮವ್ವ ಸೋಮವಾರ ಬಂದಾಗ ಪೂಜಿಗೆ ಬಾರ ಅಂದಿದ್ದೆ, ಬರಲೇ ಇಲ್ಲ ನೋಡ" ಎಂದುಬಿಟ್ಟರು. ಅವನು ತಲೆಯೆತ್ತಿ ನನ್ನ ಮುಖ ನೋಡಿದ. ನಾನೇನು ನಾಟಕದವಳೇ, ಎಲ್ಲವೂ ನನ್ನ ಮುಖದ ಮೇಲೇ ಇತ್ತು. "ಬರ್ತೇನ್ರಿ ವೈನಿ" ಎಂದು ಎದ್ದು ಹೋದ. ಕೊಟ್ಟ ಹೋಳಿಗೆಯನ್ನು ಮುಟ್ಟಿರಲಿಲ್ಲ.

ಮಂದಿ ಕರಗಿದ ಮೇಲೆ ಭರಮುವನ್ನು ಕರೆಸಿದೆ. ಅವನು ಪಿಸ್ತೂಲು ಎತ್ತಿ ನೋಡಿದವನೇ ಬೆವೆತುಬಿಟ್ಟ. ಗುಂಡು ತುಂಬಿತ್ತು. ಎರಡು ದಿನ ತುಂಬಿದ ಪಿಸ್ತೂಲಿನ ಬಾಯಿ, ಕೋಮಲ ಓದಲು ಕೂರುವ ಕಿಟಕಿಯ ಕಡೆ ತಿರುಗಿತ್ತು. ಭರಮು ಗುಂಡು ತೆಗೆದು ಗಂಟು ಕಟ್ಟಿಕೊಂಡು, "ಯಾರದ್ರಿ ಅಕ್ಕಾರ ಇದು? ಹೇಳ್ರಿ, ಇವತ್ತ ರಾತ್ರಿನ ಎತ್ತಾಕ್ಕೊಂಡ ಬರ್ತೇನಿ" ಎಂದ. ಹೇಳಲಿಲ್ಲ. ಹೆಸರು ಇಲ್ಲದೆ ನಾನೇನು ಮಾಡಲಿ ಎಂದು ಗೊಣಗುತ್ತ ಹೋದ. ಅವನ ತಪ್ಪಿಲ್ಲ. ಸಾವಕ್ಕನಿಗೆ ಫೋನು ಹಚ್ಚಿದೆ. ಎತ್ತಿದವನು ಸಮಾಧಾನ. "ಅವ್ವ ಮಕ್ಕೊಂಡಾಳ್ರಿ ವೈನಿ" ಎಂದು ಇಟ್ಟುಬಿಟ್ಟ.

ಇವತ್ತು ಬೆಳಿಗ್ಗೆ ಅತ್ತೆಯ ತವರಿಗೆ ಬನ್ನಿ ಕೊಡುವ ನೆವ ಮಾಡಿಕೊಂಡು ಪಾಲಬಾವಿಗೆ ಹೋದೆ. ಸಾವಕ್ಕ ಇದ್ದಳು. ಕೊಟ್ಟಿಗೆಯಲ್ಲಿ ಎಮ್ಮೆಗೆ ಮೇವು ಹಾಕುತ್ತಿದ್ದಳು. ಎಡಗೆನ್ನೆ ಬಾತು ಕಣ್ಣು ಮುಚ್ಚಿಹೋಗಿತ್ತು. "ಬಾಗಲಾ ಬಡೀತ ಯವ್ವಾ" ಎಂದಳು. ಆಮೇಲೆ ಎಮ್ಮೆಯ ಮೈಗೆ ತಲೆ ಆನಿಸಿ ಅತ್ತಳು. ಅವನು ನಸುಕಿನಲ್ಲೇ ಬೈಕು ತೆಗೆದುಕೊಂಡು ಗಡಿ ದಾಟಿ ಮತ್ತೊಂದನ್ನು ತರಲು ಹೋಗಿದ್ದಾನೆ. ಹೋಗುವಾಗ ತಾಯಿಗೆ, "ಸಂಜಿಗೆ ಬರ್ತೇನಿ, ರೊಟ್ಟಿ ಮಾಡಿ ಇಡು. ನಿನ್ನ ಕೈಯಾಗಿನ ರೊಟ್ಟಿ ಇವತ್ತ ಕಡೀ ಸಲ ತಿಂತೇನಿ" ಎಂದಿದ್ದಾನೆ. ನನ್ನ ಜೊತೆ ನಡಿ ಎಂದು ಕೈ ಹಿಡಿದು ಎಳೆದೆ. ಬರಲಿಲ್ಲ. "ನಾ ಮನ್ಯಾಗ ಇಲ್ಲಂದ್ರ ಅವ ಸೀದಾ ಭರತನ ಮನಿಗೆ ಹೊಕ್ಕಾನ. ನಾ ಇದ್ದರ ಮೊದಲ ನನ್ನ ಕಡೆ ಬರ್ತಾನ, ಅಷ್ಟರೊಳಗ ಸಿಟ್ಟ ಇಳದರೂ ಇಳೀತೈತಿ" ಎಂದಳು. ಪೊಲೀಸರಿಗೆ ಹೇಳುತ್ತೇನೆ ಎಂದರೆ ನನ್ನ ಕಾಲೇ ಹಿಡಿದಳು. "ಹೆತ್ತಾಕಿನೇ ಹಿಡಿಸಿಕೊಟ್ಟಳಂತ ಅವ ಜೇಲಿನ್ಯಾಗ ಕುಂತ ನೆನಸಬಾರದು. ಮಗಳ ಆಣಿ ಮಾಡಿಯಲ್ಲ?" ಎಂದಳು. ಭರತನಿಗಾದರೂ ಸೂಕ್ಷ್ಮ ತಿಳಿಸೋಣವೆಂದು ಅವರ ಮನೆಗೆ ಹೋದೆ, ಬೀಗ ಹಾಕಿತ್ತು. ಮಿರಜಿಗೆ ಹೋಗಿದ್ದಾರೆ, ಸಂಜೆಯ ಬಸ್ಸಿಗೆ ಬರುತ್ತಾರೆ ಎಂದರು ನೆರೆಯವರು. ಅದೂ ಸಂಜೆಗೇ ಬರಬೇಕೇ!

ಮನೆಗೆ ಬಂದು ಅತ್ತೆಯವರನ್ನು ಕೂಡಿಸಿ ಎಲ್ಲ ಹೇಳಿದೆ. ನಿಮ್ಮ ಕಟ್ಟು ಮೀರಿದೆ, ಆದರೆ ಇನ್ನೂ ಯಾವ ಬಾಯಿ ಇಟ್ಟುಕೊಂಡು ಮುಚ್ಚಿಡಲಿ? ನಿಮ್ಮ ಅವ್ವ ಮಾತಾಡದೆ ಕೂತದ್ದನ್ನು ನೀವು ಎಂದಾದರೂ ಕಂಡಿದ್ದೀರಾ? ಊಟಕ್ಕೆ ಕರೆದರೆ ಏಳಲಿಲ್ಲ. ದೇವರ ಮುಂದಿನ ಮಣೆಯನ್ನು ತೊಳೆದರು, ಮತ್ತೆ ಮತ್ತೆ ತೊಳೆದರು. ನನಗೂ ಅವರ ಮೇಲೆ ಸಿಟ್ಟು ಮಾಡುವ ಧೈರ್ಯ ಬರಲಿಲ್ಲ.

ಈಗ ನೀವೇ ಹೇಳಿ. ಹೆಸರು ಹೇಳಿದರೆ ಇವತ್ತೇ ಜೀಪು ಹೋಗಿ ಅವನನ್ನು ದಾರಿಯಲ್ಲೇ ಹಿಡಿಯಬಹುದು. ಆದರೆ ನಾಳೆ ಹಾರೂಗೇರಿ ಸಂತೆಯಿಂದ ತೆಲಸಂಗದ ಅಗಸಿ ಬಾಗಿಲಿನ ತನಕ ಎಲ್ಲ ಹೆಂಗಸರಿಗೂ ಗೊತ್ತಾಗುತ್ತದೆ, ಸಾಹೇಬರ ಹೆಂಡತಿಯ ಕೈಗೆ ಕೊಟ್ಟದ್ದು ಬಾಯಿಗೆ ಬರುತ್ತದೆ ಎಂದು. ಇನ್ನು ಯಾವ ತಾಯಿ ನನ್ನ ಅಡುಗೆಮನೆಗೆ ಬರುತ್ತಾಳೆ? ಮನೆಮನೆಯ ಜಂತಿಯಲ್ಲಿ, ಕಣಜದಲ್ಲಿ ಇರುವವೆಲ್ಲ ಅಲ್ಲೇ ಉಳಿಯುತ್ತವೆ. ಅವುಗಳಿಂದ ಹೋಗುವ ಜೀವಗಳ ಲೆಕ್ಕ ಯಾರ ತಲೆಗೆ? ಹೇಳದಿದ್ದರೆ ಸಾವಕ್ಕ ಒಬ್ಬಳೇ ರೊಟ್ಟಿ ಬಡಿಯುತ್ತ ಅವನ ಬೈಕಿನ ಸಪ್ಪಳಕ್ಕೆ ಕಾಯುತ್ತಿದ್ದಾಳೆ. ನುಂಗಲೂ ಆಗುತ್ತಿಲ್ಲ, ಉಗುಳಲೂ ಆಗುತ್ತಿಲ್ಲ. ಈ ಕಾಗದ ನಿಮ್ಮನ್ನು ಮುಟ್ಟುವುದು ನಾಳೆ, ಆಗಬೇಕಾದ್ದು ಇವತ್ತೇ ಎಂದು ನನಗೂ ಗೊತ್ತು. ಆದರೂ ಬರೆಯುತ್ತಿದ್ದೇನೆ. ಬರೆಯುವಾಗ ನೀವು ಎದುರು ಕೂತು ಮೀಸೆ ತಿರುವುತ್ತ ಕೇಳಿಸಿಕೊಳ್ಳುತ್ತಿದ್ದೀರಿ ಅನಿಸುತ್ತದೆ. ಸದ್ಯಕ್ಕೆ ನಿಮ್ಮ ಮಾತೇ ಉಳಿಯಲಿ, ಬಾಯಿ ಬಿಡುವುದಿಲ್ಲ ಎಂದುಕೊಂಡಿದ್ದೇನೆ. ದೇವರು ಆ ಹುಡುಗನಿಗೆ ಬುದ್ಧಿ ಕೊಟ್ಟಾನು.

ನಿಮ್ಮ ಜೊತೆಗಿರುವ ಎಲ್ಲರಿಗೂ ನನ್ನ ನಮಸ್ಕಾರ ಹೇಳಿ. ರಾತ್ರಿ ಮೈಮೇಲೆ ಹೊದ್ದುಕೊಂಡು ಮಲಗಿ. ಯಾರ ಮನೆಯ ಬಾಗಿಲು ಬಡಿಯುವಾಗಲೂ ಎದುರಿಗೆ ನಿಲ್ಲದೆ ಬದಿಗೆ ನಿಂತು ಬಡಿಯಿರಿ. ಕೋಮಲ ನಿಮ್ಮ ಕಾಲಿಗೆ ಬಿದ್ದು ನಮಸ್ಕಾರ ಹೇಳಿದ್ದಾಳೆ. ಬೇಗ ಬನ್ನಿ.

ನಿಮ್ಮ
ಗಂಗಾ

ತಾ.ಕ.: ಲಕೋಟೆ ಒಡೆದು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಹೇಗೋ ಓದಿಕೊಳ್ಳಿ. ಅತ್ತೆ ಮನೆಯಲ್ಲಿಲ್ಲ. ಹಿತ್ತಲಲ್ಲಿದ್ದಾರೆ ಎಂದುಕೊಂಡಿದ್ದೆ. ನಾನು ಇದನ್ನು ಬರೆಯುತ್ತ ಕೂತಾಗ ಹಿಂದಿನ ಬಾಗಿಲಿನಿಂದ ಹೋಗಿ ಪಾಲಬಾವಿಯ ಬಸ್ಸು ಹತ್ತಿದ್ದಾರೆ. ಕೋಮಲಳಿಗೆ ಹೇಳಿ ಹೋದದ್ದು ಇಷ್ಟು: "ನನ್ನ ಬಾಯಿಂದ ಆದದ್ದು. ಸಾವಕ್ಕನ ಬಾಗಲದಾಗ ನಾ ಕುಂದರ್ತೇನಿ. ಅತ್ತಿನ್ನ ದಾಟಿ ಹ್ಯಾಂಗ ಒಳಗ ಹೊಕ್ಕಾನ ನೋಡೂನು. ನಿಮ್ಮವ್ವಗ ಈಗ ಹೇಳಬ್ಯಾಡ." ಹುಡುಗಿ ಹೇಳದೆ ಕೂತು, ಕಡೆಗೆ ಅಳುತ್ತ ಬಂದು ಹೇಳಿದಳು. ಭರಮು ಈಗ ಜೀಪು ತಂದು ಬಾಗಿಲಲ್ಲಿ ನಿಂತಿದ್ದಾನೆ. ನಿಮ್ಮ ಉತ್ತರಕ್ಕೆ ಕಾಯಲಿಲ್ಲ. ಸಾವಕ್ಕನ ಹೆಸರು, ಸಮಾಧಾನನ ಹೆಸರು, ಅವನ ಬೈಕಿನ ಬಣ್ಣ, ಬರುವ ದಾರಿ ಎಲ್ಲ ಹೇಳಿಬಿಟ್ಟೆ. ನೀವು ಇಷ್ಟು ವರ್ಷ ಹಲ್ಲು ಕಚ್ಚಿ ಕಾಯ್ದದ್ದನ್ನು ನಾನು ಒಂದು ಉಸಿರಿನಲ್ಲಿ ಕಳೆದೆ. ಮಗಳ ಆಣೆಯನ್ನೂ ಮುರಿದೆ, ಅದರ ಪಾಪ ನನಗೇ ಇರಲಿ, ಕೂಸಿಗೆ ತಟ್ಟದಿರಲಿ. ಭರಮು ವೈರ್‌ಲೆಸ್ಸಿನಲ್ಲಿ ಮಾತಾಡಿದ್ದಾನೆ, ಜೀಪು ಮೊದಲು ಪಾಲಬಾವಿಗೆ ಹೊರಟಿದೆ, ನಾನೂ ಹತ್ತುತ್ತಿದ್ದೇನೆ. ಈ ಕಾಗದ ನಿಮಗೆ ತಡವಾಗಿ ಸಿಗುತ್ತದೆ. ಬೈಯುವುದಿದ್ದರೆ ಮನೆಗೆ ಬಂದು ಬೈಯಿರಿ.